ರಕ್ತದ ಲೆಕ್ಕವೂ ಕಾಗದದ ಲೆಕ್ಕವೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ತಾಲ್ಲೂಕುಗಳ ಹೆಸರನ್ನು ಕೇಳದ ವಿದ್ಯಾರ್ಥಿ ಉತ್ತರ ಕರ್ನಾಟಕದಲ್ಲಿ ಇರಲಾರನು. ಭೀಮೆಗೂ ಕೃಷ್ಣೆಗೂ ನಡುವೆ, ಡೋಣಿ ಹೊಳೆಯ ಎರೆಭೂಮಿಯ ಆಚೀಚೆ, ಬಿಳಿಜೋಳ ಬೆಳೆಯುವ ನೂರಾರು ಊರುಗಳು ಅಲ್ಲಿವೆ. ಈ ನಾಲ್ಕಕ್ಕೆ ವಿಜಯಪುರ ನಗರವನ್ನೂ ಅದರ ತಾಲ್ಲೂಕನ್ನೂ ಕೂಡಿಸಿದರೆ ೨೦೧೧ರ ಜನಗಣತಿಯ ಕಾಲದ ವಿಜಯಪುರ ಜಿಲ್ಲೆ ಪೂರ್ಣವಾಗುತ್ತದೆ. ಆ ವರ್ಷ ಜಿಲ್ಲೆಯ ಒಟ್ಟು ಜನಸಂಖ್ಯೆ ೨೧ ಲಕ್ಷದ ೭೭ ಸಾವಿರ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ನಾಜಿ ಸರ್ಕಾರವೂ ಅದರ ಸಹಾಯಕರೂ ಕೊಂದ ಯೆಹೂದ್ಯರ ಸಂಖ್ಯೆ ಸುಮಾರು ೬೦ ಲಕ್ಷ. ತೊಟ್ಟಿಲ ಕೂಸಿನಿಂದ ಹಿಡಿದು ಕೋಲೂರುವ ಮುದುಕರವರೆಗೆ, ಇಡೀ ಜಿಲ್ಲೆಯ ಊರೂರೂ ಬರಿದಾಯಿತೆಂದು ಊಹಿಸಿಕೊಳ್ಳಿರಿ. ಅದು ಈ ಲೆಕ್ಕದಲ್ಲಿ ಎರಡೂಮುಕ್ಕಾಲರಲ್ಲಿ ಒಂದು ಪಾಲು ಮಾತ್ರ. ಅಂಕಿ ದೊಡ್ಡದಾದಷ್ಟೂ ಮನಸ್ಸು ಅದನ್ನು ಹಿಡಿಯಲಾರದು. ಆದುದರಿಂದ ನಮಗೆ ಗೊತ್ತಿರುವ ನೆಲವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕಾಗಿದೆ.

ಇದು ಚರಿತ್ರೆಯ ವಿಷಯ, ವಿಜ್ಞಾನದ ಪತ್ರಿಕೆಯಲ್ಲಿ ಇದಕ್ಕೇನು ಕೆಲಸ ಎಂದು ವಾಚಕರು ಕೇಳಬಹುದು. ಕೆಲಸ ಬಹಳವಿದೆ. ಈ ಕೊಲೆ ನಡೆದುದು ವಿಜ್ಞಾನದ ಹೆಸರಿನಲ್ಲಿ. ಯೆಹೂದ್ಯರ ರಕ್ತ ಬೇರೆ, ಜರ್ಮನರ ರಕ್ತ ಬೇರೆ, ಇದು ನಿಸರ್ಗದ ನಿಯಮವೆಂದು ಸಾರಿದವರಲ್ಲಿ ಪ್ರಾಧ್ಯಾಪಕರೂ ವೈದ್ಯರೂ ಇದ್ದರು. ರಕ್ತವನ್ನು ನಿಜವಾಗಿ ಪರೀಕ್ಷಿಸಿದ ವಿಜ್ಞಾನ ಆ ಮಾತನ್ನು ಒಪ್ಪಲಿಲ್ಲ. ಈ ಕಾರಣದಿಂದ ಉದ್ಯೋಗ ಕಳೆದುಕೊಂಡ ಮೊದಲಿಗರಲ್ಲಿ ಒಬ್ಬ ಮಹಾವಿಜ್ಞಾನಿ ನಮ್ಮ ಬೆಂಗಳೂರಿಗೂ ಬಂದು ಆರು ತಿಂಗಳು ಇದ್ದನು.

ಅಜ್ಜ ಅಜ್ಜಿಯರ ಪಟ್ಟಿ

೧೯೩೩ರ ಜನವರಿ ೩೦ರಂದು ಹಿಟ್ಲರ್ ಜರ್ಮನಿಯ ಪ್ರಧಾನಿಯಾದನು. ಆಗ ಆ ದೇಶದಲ್ಲಿದ್ದ ಯೆಹೂದ್ಯರು ಸುಮಾರು ಐದು ಲಕ್ಷ. ನೂರು ಜನರಲ್ಲಿ ಒಬ್ಬರಿಗಿಂತಲೂ ಕಡಮೆ. ಮಾರ್ಚಿಯಲ್ಲಿ ರಾಜಕೀಯ ವಿರೋಧಿಗಳನ್ನು ಕೂಡಿಹಾಕಲು ಡಾಖೌ ಎಂಬಲ್ಲಿ ಸೆರೆಶಿಬಿರ ತೆರೆಯಿತು. ಏಪ್ರಿಲ್ ೭ರಂದು ಸರ್ಕಾರಿ ನೌಕರಿಯ ಬಗ್ಗೆ ಒಂದು ಕಾನೂನು ಹೊರಟಿತು. ಅದರ ಹೆಸರು ಬಹು ಸಾಧು: 'ವೃತ್ತಿನಿಷ್ಠ ನೌಕರವರ್ಗದ ಪುನಃಸ್ಥಾಪನೆ'. ಅದರ ಅರ್ಥವಿಷ್ಟೇ: ಆರ್ಯರಲ್ಲದವರು ಸರ್ಕಾರದ ಕೆಲಸದಲ್ಲಿ ಇರಕೂಡದು. ಜರ್ಮನಿಯ ವಿಶ್ವವಿದ್ಯಾನಿಲಯಗಳು ಸರ್ಕಾರದವು. ಆದುದರಿಂದ ಪ್ರಾಧ್ಯಾಪಕರೂ ಈ ಬಲೆಯೊಳಕ್ಕೆ ಬಂದರು.

ಆರ್ಯನಲ್ಲದವನು ಯಾರು? ನಾಲ್ಕು ದಿನಗಳ ಬಳಿಕ ಹೊರಟ ನಿಯಮ ಉತ್ತರ ಕೊಟ್ಟಿತು. ತಂದೆತಾಯಿಗಳಲ್ಲಿ ಅಥವಾ ನಾಲ್ವರು ಅಜ್ಜ ಅಜ್ಜಿಯರಲ್ಲಿ ಒಬ್ಬರು ಯೆಹೂದ್ಯರಾಗಿದ್ದರೂ ಸಾಕು. ನೌಕರರು ನಮೂನೆ ತುಂಬಿ, ಅಜ್ಜ ಅಜ್ಜಿಯರ ಹೆಸರು, ಹುಟ್ಟೂರು, ಮತ ಇವನ್ನು ದಾಖಲೆ ಸಹಿತ ಒಪ್ಪಿಸಬೇಕಾಯಿತು.

೧೯೩೫ರ ಸೆಪ್ಟೆಂಬರ್ ೧೫ರಂದು ನ್ಯೂರೆಂಬರ್ಗಿನಲ್ಲಿ ಇನ್ನೆರಡು ಕಾನೂನುಗಳಾದುವು. ಒಂದು ಯೆಹೂದ್ಯರ ಪೌರತ್ವವನ್ನು ಕಿತ್ತುಕೊಂಡಿತು. ಇನ್ನೊಂದು ಯೆಹೂದ್ಯರಿಗೂ ಜರ್ಮನರಿಗೂ ಮದುವೆಯನ್ನು ನಿಷೇಧಿಸಿತು. ನವೆಂಬರಿನಲ್ಲಿ ಅದಕ್ಕೆ ವಿವರಣೆ ಬಂದಿತು: ಅಜ್ಜ ಅಜ್ಜಿಯರಲ್ಲಿ ಮೂವರು ಅಥವಾ ನಾಲ್ವರು ಯೆಹೂದ್ಯರಾದರೆ ಮೊಮ್ಮಗನು ಯೆಹೂದ್ಯ, ಇಬ್ಬರಾದರೆ ಒಂದು ಬಗೆಯ ಬೆರಕೆ, ಒಬ್ಬರಾದರೆ ಇನ್ನೊಂದು ಬಗೆಯ ಬೆರಕೆ. ನೋಡುವವರಿಗೆ ಮೆಂಡಲನ ಬಟಾಣಿ ಗಿಡಗಳ ಲೆಕ್ಕದಂತೆಯೇ ಇದೆ. ಆದರೆ ಸತ್ತುಹೋದ ಆ ಅಜ್ಜಿ ಯೆಹೂದ್ಯಳೆಂದು ತಿಳಿದುದು ಹೇಗೆ? ರಕ್ತದ ಪರೀಕ್ಷೆಯಿಂದಲ್ಲ, ತಲೆಬುರುಡೆಯ ಅಳತೆಯಿಂದಲೂ ಅಲ್ಲ. ಆಕೆ ಯೆಹೂದ್ಯ ಮತಸಭೆಗೆ ಸೇರಿದ್ದಳೇ ಎಂಬುದನ್ನು ದಾಖಲೆಯಲ್ಲಿ ನೋಡಿದರು! ಇಡೀ ಶಾಸ್ತ್ರದ ಪೊಳ್ಳು ಈ ಒಂದು ಕಲಮಿನಲ್ಲಿದೆ. ರಕ್ತ ಬೇರೆಯೆಂದು ಕೂಗಿದವರಿಗೆ ರಕ್ತದಲ್ಲಿ ಬೇರೆತನ ಕಾಣಲಿಲ್ಲ. ಕಡೆಗೆ ಪ್ರಾರ್ಥನಾಮಂದಿರದ ಪುಸ್ತಕವನ್ನೇ ಬಿಚ್ಚಬೇಕಾಯಿತು.

ಹುಟ್ಟನ್ನು ನೋಡಿ ಮದುವೆಗೆ ಶಿಕ್ಷೆ ವಿಧಿಸುವುದು ನಮ್ಮ ನಾಡಿಗೆ ಕೇಳರಿಯದ ಸಂಗತಿಯೇನೂ ಅಲ್ಲ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಕಾಲದಲ್ಲಿ, ೧೨ನೆಯ ಶತಮಾನದ ಕಲ್ಯಾಣದಲ್ಲಿ, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದುದಕ್ಕಾಗಿ ತಂದೆಯರಿಬ್ಬರಿಗೂ ಮರಣದಂಡನೆಯಾಯಿತೆಂದು ಶರಣಪರಂಪರೆ ಹೇಳುತ್ತದೆ. ಆದರೆ ಬಿಜ್ಜಳನ ಬಳಿ ಧರ್ಮಶಾಸ್ತ್ರದ ಆಧಾರವಿದ್ದಿತೇ ಹೊರತು ಪ್ರಯೋಗಶಾಲೆಯ ಮುದ್ರೆ ಇರಲಿಲ್ಲ. ಇಪ್ಪತ್ತನೆಯ ಶತಮಾನದ ಜರ್ಮನಿ ಆ ಮುದ್ರೆಯನ್ನೂ ಒತ್ತಿತು.

ಸಲೋನಿಕದ ಸಿಪಾಯಿಗಳು

ರಕ್ತದ ಬಗ್ಗೆ ಆ ವೇಳೆಗೆ ನಿಜವಾಗಿ ತಿಳಿದಿದ್ದುದೇನು? ಒಬ್ಬರ ರಕ್ತವನ್ನು ಇನ್ನೊಬ್ಬರ ರಕ್ತದೊಡನೆ ಬೆರಸಿದರೆ ಕೆಲವು ವೇಳೆ ಕೆಂಪು ಕಣಗಳು ಗುಂಪುಗೂಡಿ ಮುದ್ದೆಗಟ್ಟುತ್ತವೆ. ಇದರ ಗುಟ್ಟನ್ನು ೧೯೦೧ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ಬಿಡಿಸಿದನು. ಎ, ಬಿ, ಒ ಗುಂಪುಗಳು ಹೀಗೆ ಬೆಳಕಿಗೆ ಬಂದುವು. ಈ ಗುಂಪುಗಳು ತಂದೆತಾಯಿಗಳಿಂದ ಮಕ್ಕಳಿಗೆ ಮೆಂಡಲನ ನಿಯಮದಂತೆ ಬರುತ್ತವೆಂದು ೧೯೧೦ರಲ್ಲಿ ಹೈಡೆಲ್‌ಬರ್ಗಿನಲ್ಲಿ ಫಾನ್ ಡುಂಗರ್ನ್ ಎಂಬುವನೊಡನೆ ತೋರಿಸಿದವನು ಲುಡ್ವಿಕ್ ಹಿರ್ಷ್‌ಫೆಲ್ಡ್. ಲ್ಯಾಂಡ್‌ಸ್ಟೈನರ್, ಹಿರ್ಷ್‌ಫೆಲ್ಡ್ ಇಬ್ಬರೂ ಯೆಹೂದ್ಯ ಮನೆತನದಲ್ಲಿ ಹುಟ್ಟಿದವರು. ಮುಂದೆ 'ಜರ್ಮನ್ ರಕ್ತ'ದ ಬಗ್ಗೆ ಗರ್ಜಿಸಿದವರು ರಕ್ತದ ಬಗ್ಗೆ ಕಲಿತ ಮೊದಲ ಪಾಠ ಇವರದು.

ಮೊದಲನೆಯ ಮಹಾಯುದ್ಧದಲ್ಲಿ ಹಿರ್ಷ್‌ಫೆಲ್ಡ್ ಸರ್ಬಿಯದ ಸೈನ್ಯಕ್ಕೆ ವೈದ್ಯನಾಗಿ ಹೋದನು. ಅಲ್ಲಿ ಹಬ್ಬಿದ್ದ ಟೈಫಸ್ ಜ್ವರದೊಡನೆ ಹೋರಾಡಿದನು. ಸೈನ್ಯ ಗ್ರೀಸಿನ ಸಲೋನಿಕ ಬಂದರಿನ ಬಳಿ ನೆಲೆಸಿದಾಗ ಆತನಿಗೆ ಅಪೂರ್ವ ಅವಕಾಶ ಒದಗಿತು. ಇಂಗ್ಲಿಷರು, ಫ್ರೆಂಚರು, ಸರ್ಬರು, ರಷ್ಯನರು, ಆಫ್ರಿಕದ ಸೆನೆಗಾಲಿನವರು, ಇಂಡೋಚೀನದ ಅನ್ನಾಮಿನವರು, ಭಾರತೀಯರು—ಜಗತ್ತಿನ ಸೈನಿಕರೆಲ್ಲ ಅಲ್ಲಿ ಬೀಡುಬಿಟ್ಟಿದ್ದರು. ವೈದ್ಯೆಯಾದ ಹೆಂಡತಿ ಹನ್ನಾಳೊಡನೆ ಆತನು ಹದಿನಾರು ಜನವರ್ಗಗಳಿಗೆ ಸೇರಿದ ೮,೦೦೦ಕ್ಕೂ ಹೆಚ್ಚು ಜನರ ರಕ್ತವನ್ನು ಪರೀಕ್ಷಿಸಿದನು. ಇವರಲ್ಲಿ ೧,೦೦೦ ಮಂದಿ ಭಾರತದವರು. ಫಲಿತಾಂಶ ೧೯೧೯ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅಚ್ಚಾಯಿತು.

ಬಿ ಗುಂಪಿನವರು ಇಂಗ್ಲಿಷರಲ್ಲಿ ನೂರಕ್ಕೆ ಸುಮಾರು ೭, ಭಾರತೀಯರಲ್ಲಿ ಸುಮಾರು ೪೧. ಎ ಗುಂಪಿನವರು ಇಂಗ್ಲಿಷರಲ್ಲಿ ೪೩, ಭಾರತೀಯರಲ್ಲಿ ೧೯. ವ್ಯತ್ಯಾಸವಿದೆ, ನಿಜ. ಆದರೆ ಪಟ್ಟಿಯನ್ನು ಎರಡನೆಯ ಸಲ ನೋಡಬೇಕು. ಎ, ಬಿ, ಒ ಗುಂಪುಗಳು ಪರೀಕ್ಷಿಸಿದ ಎಲ್ಲ ಜನಗಳಲ್ಲಿಯೂ ಇವೆ. ಪ್ರಮಾಣ ಮಾತ್ರ ಬೇರೆ, ಪದಾರ್ಥ ಒಂದೇ. ಸಿಂದಗಿಯ ರೈತನೊಬ್ಬನದು ಬಿ ರಕ್ತವಾದರೆ, ಅಪಾಯದ ಹೊತ್ತಿನಲ್ಲಿ ಲಂಡನ್ನಿನ ಬಿ ಗುಂಪಿನವನ ರಕ್ತ ಅವನಿಗೆ ಒಗ್ಗಬಹುದು. ಎ ಗುಂಪಿನವನಾದ ಒಡಹುಟ್ಟಿದ ಅಣ್ಣನ ರಕ್ತ ಒಗ್ಗದು. ಯೆಹೂದ್ಯರಿಗೇ ಮೀಸಲಾದ ಗುಂಪು ಯಾವುದೂ ಕಾಣಲಿಲ್ಲ. ಮುಂದಿನ ಪರೀಕ್ಷೆಗಳಲ್ಲಿ ಬೇರೆ ಬೇರೆ ದೇಶಗಳ ಯೆಹೂದ್ಯರ ಪ್ರಮಾಣಗಳು ತಮ್ಮತಮ್ಮಲ್ಲಿಯೇ ಬೇರೆಯಾದುವು. ಅವರವರ ನೆರೆಹೊರೆಯವರ ಪ್ರಮಾಣಗಳೊಡನೆ ಬೆರೆತುಹೋದುವು.

ಎ ಒಂದು ಮೂಲಜನಾಂಗದಿಂದ, ಬಿ ಇನ್ನೊಂದರಿಂದ ಬಂದಿರಬಹುದೆಂದು ಹಿರ್ಷ್‌ಫೆಲ್ಡರು ಆಗ ಊಹಿಸಿದ್ದುಂಟು. ಮುಂದಿನ ವಿಜ್ಞಾನ ಆ ಊಹೆಯನ್ನು ಕೈಬಿಟ್ಟಿತು. ಜರ್ಮನಿಯ ಜನಾಂಗವಾದಿಗಳು ಮಾತ್ರ ಅದನ್ನು ಗಟ್ಟಿಯಾಗಿ ಹಿಡಿದುಕೊಂಡು ೧೯೨೬ರಲ್ಲಿ ರಕ್ತಗುಂಪುಗಳ ಸಂಶೋಧನೆಗೆಂದು ಒಂದು ಸಂಘವನ್ನೇ ಕಟ್ಟಿದರು. ಬೇಕಾದ ಉತ್ತರ ಮಾತ್ರ ಅವರಿಗೆ ಸಿಕ್ಕಲಿಲ್ಲ.

ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದ ಅತಿಥಿ

ಮ್ಯಾಕ್ಸ್ ಬಾರ್ನ್ ೧೮೮೨ರಲ್ಲಿ ಆಗ ಜರ್ಮನಿಯಲ್ಲಿದ್ದ ಬ್ರೆಸ್ಲಾವ್ ಪಟ್ಟಣದಲ್ಲಿ ಹುಟ್ಟಿದನು. ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಈ ಹೆಸರು ಹೊಸದಲ್ಲ. ಎಲೆಕ್ಟ್ರಾನಿಗೆ ತರಂಗದ ಗುಣವಿದೆ ಎಂದಾಗ, ಆ ತರಂಗ ಯಾವುದರ ತರಂಗ ಎಂಬ ಪ್ರಶ್ನೆ ಎಲ್ಲರನ್ನೂ ಕಾಡುತ್ತಿದ್ದಿತು. ಅದು ಪದಾರ್ಥದ ಅಲೆಯಲ್ಲ, ಸಂಭವನೀಯತೆಯ ಅಲೆ ಎಂದು ೧೯೨೬ರಲ್ಲಿ ಬಾರ್ನ್ ಹೇಳಿದನು. ಎಲೆಕ್ಟ್ರಾನ್ ಇಂಥಲ್ಲಿಯೇ ಇದೆ ಎನ್ನಲಾಗದು. ಇಂಥಲ್ಲಿ ಸಿಕ್ಕುವ ಸಂಭವ ಇಷ್ಟು ಎಂದು ಮಾತ್ರ ಲೆಕ್ಕ ಹಾಕಬಹುದು. ಇಂದಿನ ಕ್ವಾಂಟಂ ವಿಜ್ಞಾನ ನಿಂತಿರುವುದು ಈ ಮಾತಿನ ಮೇಲೆ. ಗೋಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಆತನ ಬಳಿ ಸಹಾಯಕರಾಗಿದ್ದವರಲ್ಲಿ ಹೈಸನ್‌ಬರ್ಗ್, ಪೌಲಿ ಇದ್ದರು. ಆತನ ಕೈಕೆಳಗೆ ಡಾಕ್ಟರೇಟ್ ಪಡೆದವರಲ್ಲಿ ಆಪೆನ್‌ಹೈಮರ್ ಒಬ್ಬನು.

೧೯೩೩ರ ಏಪ್ರಿಲ್ ತಿಂಗಳ ಕೊನೆಯಲ್ಲಿ, ಕೆಲಸದಿಂದ ನಿಲ್ಲಿಸಲಾದವರ ಪಟ್ಟಿಯಲ್ಲಿ ತನ್ನ ಹೆಸರಿರುವುದನ್ನು ಬಾರ್ನ್ ವೃತ್ತಪತ್ರಿಕೆಯಲ್ಲಿ ಕಂಡನು. ಗಣಿತಜ್ಞ ಕೂರಾಂಟ್, ಬೀಜಗಣಿತದಲ್ಲಿ ಸರಿಸಾಟಿಯಿಲ್ಲದ ಎಮ್ಮಿ ನೊಯ್ಥರ್ ಅದೇ ಊರಿನಲ್ಲಿ ಅದೇ ಗತಿಗೆ ಬಂದರು. ನೊಬೆಲ್ ಬಹುಮಾನ ಪಡೆದಿದ್ದ ಜೇಮ್ಸ್ ಫ್ರಾಂಕ್ ರಣರಂಗದಲ್ಲಿ ಹೋರಾಡಿದ್ದವನಾದುದರಿಂದ ಕಾನೂನು ಅವನಿಗೆ ವಿನಾಯಿತಿ ಕೊಟ್ಟಿದ್ದಿತು; ಅವನು ವಿನಾಯಿತಿ ಬೇಡವೆಂದು ಬಹಿರಂಗವಾಗಿ ರಾಜೀನಾಮೆಯಿತ್ತನು. ಆಗ ಅದೇ ವಿಶ್ವವಿದ್ಯಾನಿಲಯದ ೪೨ ಮಂದಿ ಅಧ್ಯಾಪಕರು ಒಂದು ಹೇಳಿಕೆಗೆ ಸಹಿ ಹಾಕಿದರು. ಸಹೋದ್ಯೋಗಿಗೆ ಬೆಂಬಲವಾಗಿ ಅಲ್ಲ. ಅವನ ರಾಜೀನಾಮೆ ದೇಶಕ್ಕೆ ಬಗೆದ ದ್ರೋಹಕ್ಕೆ ಸಮವೆಂದು. ಆ ವಾರ ಅವರನ್ನು ಯಾರೂ ಬಂದೂಕು ತೋರಿಸಿ ಹೆದರಿಸಿರಲಿಲ್ಲ ಎಂಬುದನ್ನು ಓದುವಾಗ ನೆನಪಿಡಬೇಕು.

ಬಾರ್ನನಿಗೆ ಕೇಂಬ್ರಿಜಿನಲ್ಲಿ ಕೆಲಕಾಲದ ಕೆಲಸ ಸಿಕ್ಕಿತು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ, ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ, ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯರು ಅವರೇ. ಜರ್ಮನಿ ಹೊರಗೆಸೆಯುತ್ತಿದ್ದ ಪ್ರತಿಭೆಯನ್ನು ಭಾರತ ಬಾಚಿಕೊಳ್ಳಬೇಕೆಂಬುದು ರಾಮನ್ನರ ಎಣಿಕೆ. ಅವರ ಆಹ್ವಾನದ ಮೇರೆಗೆ ಬಾರ್ನ್ ಹೆಂಡತಿ ಹೆಡ್ವಿಗಳೊಡನೆ ೧೯೩೫ರ ಶರತ್ಕಾಲದಲ್ಲಿ ಬೆಂಗಳೂರಿಗೆ ಬಂದನು. ೧೯೩೬ರ ವಸಂತದವರೆಗೆ ಉಪನ್ಯಾಸ ಕೊಟ್ಟನು. ರಾಮನ್ನರ ಜೊತೆಗಾರರಾಗಿದ್ದ ಎನ್. ಎಸ್. ನಾಗೇಂದ್ರನಾಥರೊಡನೆ ಕೂಡಿ ಬೆಳಕಿನ ಬಗ್ಗೆ ಬರೆದ ಪ್ರಬಂಧ ರಾಮನ್ನರೇ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ೧೯೩೬ರಲ್ಲಿ ಪ್ರಕಟವಾಯಿತು. ಬಾರ್ನನಿಗೆ ಶಾಶ್ವತವಾಗಿ ಪ್ರಾಧ್ಯಾಪಕ ಪೀಠ ಕೊಟ್ಟು ಬೆಂಗಳೂರಿನಲ್ಲಿಯೇ ಗಣಿತೀಯ ಭೌತವಿಜ್ಞಾನದ ಶಾಲೆ ಕಟ್ಟಬೇಕೆಂದು ರಾಮನ್ ಸಭೆಯ ಮುಂದೆ ಸೂಚನೆ ಇಟ್ಟರು. ಬಾರ್ನ್ ಅಲ್ಲಿಯೇ ಕುಳಿತಿದ್ದನು. ಆಗ ಆಸ್ಟನ್ ಎಂಬ ಇಂಗ್ಲಿಷ್ ಪ್ರಾಧ್ಯಾಪಕನು ಎದ್ದುನಿಂತು, ತನ್ನ ದೇಶದಿಂದಲೇ ಅಟ್ಟಲ್ಪಟ್ಟ ಎರಡನೆಯ ದರ್ಜೆಯ ಪರದೇಶಿ ನಮಗೆ ಸಾಲದೆಂಬ ಅರ್ಥದ ಮಾತನಾಡಿದನು. ಬಾರ್ನ್ ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತುಬಿಟ್ಟನು. ಇದನ್ನು ಆತನೇ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ.

ಅಟ್ಟಿದವನ ತಪ್ಪು ಅಟ್ಟಿಸಿಕೊಂಡವನ ಅನರ್ಹತೆಯಾಗಿ ಮಾರ್ಪಡುವ ಈ ಪರಿ ಗಮನಿಸತಕ್ಕದ್ದು. ಬರ್ಲಿನ್ನಿನ ಕಾನೂನಿಗೆ ಬೆಂಗಳೂರಿನಲ್ಲಿ ಅಧಿಕಾರವಿರಲಿಲ್ಲ. ಆದರೂ ಅದರ ತೀರ್ಪು ಐದು ಸಾವಿರ ಮೈಲಿಗೂ ಹೆಚ್ಚು ಸಮುದ್ರಯಾನ ಮಾಡಿ ಇಲ್ಲಿಯ ಸಭೆಯೊಳಗೆ ಬಂದು ಕುಳಿತಿತು. ರಾಮನ್ನರ ಮೇಲೆ ಬೇರೆ ಆಕ್ಷೇಪಣೆಗಳೂ ಇದ್ದುವು, ಸಂಸ್ಥೆಯ ಒಳಜಗಳಗಳೂ ಇದ್ದುವು. ೧೯೩೬ರಲ್ಲಿ ವಿಚಾರಣಾ ಸಮಿತಿ ಬಂದಿತು. ೧೯೩೭ರಲ್ಲಿ ಅವರು ನಿರ್ದೇಶಕ ಸ್ಥಾನವನ್ನು ಬಿಟ್ಟು ಪ್ರಾಧ್ಯಾಪಕರಾಗಿ ಉಳಿದರು. ಪೀಠ ಬರಲಿಲ್ಲ. ಮಾಸ್ಕೋವಿಗೆ ಹೋಗುವುದೇ ಎಂದು ಬಾರ್ನ್ ಯೋಚಿಸುತ್ತಿದ್ದಾಗ ಎಡಿನ್‌ಬರೊದಿಂದ ಕರೆ ಬಂದಿತು. ೧೯೫೪ರ ನೊಬೆಲ್ ಬಹುಮಾನದಲ್ಲಿ ಆತನಿಗೆ ಪಾಲು ದೊರೆಯಿತು. (ಮುಂದೆ ಹರಳುಗಳೊಳಗಿನ ಪರಮಾಣುಗಳ ಕಂಪನದ ವಿಷಯವಾಗಿ ರಾಮನ್ನರಿಗೂ ಬಾರ್ನನಿಗೂ ಕಟುವಾದ ವಾದ ನಡೆಯಿತು, ಅದರಲ್ಲಿ ಬಾರ್ನನ ಸಿದ್ಧಾಂತವೇ ನಿಂತಿತು. ಆದರೆ ಬೇಕಾದ ಹೊತ್ತಿನಲ್ಲಿ ಬಾಗಿಲು ತೆರೆದವರು ರಾಮನ್ ಎಂಬುದನ್ನು ಆ ವಾದ ಅಳಿಸಲಾರದು.)

ಬಾರ್ನನ ತಂಗಿಯ ಮಗ ಆಟೊ ಕೋನಿಗ್ಸ್‌ಬರ್ಗರ್ ಬರ್ಲಿನ್ನಿನವನು, ವಾಸ್ತುಶಿಲ್ಪಿ. ೧೯೩೩ರಲ್ಲಿ ಆತನಿಗೆ ಷಿಂಕೆಲ್ ಬಹುಮಾನ ಬಂದಿತು. ಅದೇ ವರ್ಷ ಕೆಲಸ ಹೋಯಿತು. ಈಜಿಪ್ಟಿನಲ್ಲಿ ಕೆಲಕಾಲ ಇದ್ದು ೧೯೩೯ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದನು. ಸೋದರಮಾವನಿಗೆ ಪೀಠವಿಲ್ಲವೆಂದ ಅದೇ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗದ ಕಟ್ಟಡವನ್ನೂ ಭೋಜನಶಾಲೆ-ಸಭಾಂಗಣವನ್ನೂ ರೂಪಿಸಿದವನು ಈತನು. ಬಿಸಿಲು ಯಾವ ತಿಂಗಳು ಯಾವ ಕೋನದಲ್ಲಿ ಗೋಡೆಗೆ ಬೀಳುತ್ತದೆ, ಗಾಳಿ ಯಾವ ಕಿಟಕಿಯಿಂದ ಬಂದು ಎಲ್ಲಿ ಹೊರಟುಹೋಗುತ್ತದೆ ಎಂದು ಲೆಕ್ಕ ಹಾಕಿ ಕಟ್ಟಡ ಕಟ್ಟುವುದನ್ನು ಆತನು ಒಂದು ಶಾಸ್ತ್ರವಾಗಿ ಬೆಳಸಿದನು. ಬಿಸಿನಾಡುಗಳ ಮನೆಕಟ್ಟಡದ ಬಗ್ಗೆ ೧೯೭೦ರ ದಶಕದಲ್ಲಿ ಇತರರೊಡನೆ ಬರೆದ ಪಠ್ಯವನ್ನು ಭಾರತದ ವಾಸ್ತುಶಿಲ್ಪ ವಿದ್ಯಾರ್ಥಿಗಳು ಬಹುಕಾಲ ಓದಿದ್ದಾರೆ. ಇಂಡಿಯ ಮೇ ತಿಂಗಳ ಬಿಸಿಲನ್ನು ಬಲ್ಲವರಿಗೆ ಆ ಶಾಸ್ತ್ರದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಬಾಗಿಲು ಸಿಕ್ಕದವರು

ಬಾರ್ನ್ ಬದುಕಿದುದು ಕೀರ್ತಿವಂತನಾಗಿದ್ದುದರಿಂದ ಮಾತ್ರವಲ್ಲ. ಬೇಗ ಹೊರಟುದರಿಂದ, ಹೊರಗೆ ಸ್ನೇಹಿತರಿದ್ದುದರಿಂದ. ೧೯೩೮ರ ಜುಲೈಯಲ್ಲಿ ಫ್ರಾನ್ಸಿನ ಏವಿಯಾನಿನಲ್ಲಿ ೩೨ ದೇಶಗಳ ಪ್ರತಿನಿಧಿಗಳು ಸೇರಿ ನಿರಾಶ್ರಿತರ ವಿಷಯ ಚರ್ಚಿಸಿದರು. ಹೆಚ್ಚಿನವರೆಲ್ಲ ಅನುಕಂಪ ತೋರಿದರು, ಬಾಗಿಲನ್ನು ಅಗಲಿಸಲಿಲ್ಲ.

ಗಣಿತದ ಎಂ.ಎಸ್‌ಸಿ. ವಿದ್ಯಾರ್ಥಿಗಳೆಲ್ಲರೂ 'ಹೌಸ್‌ಡಾರ್ಫ್ ಸ್ಪೇಸ್' ಎಂಬುದನ್ನು ಕಲಿಯುತ್ತಾರೆ. ಎರಡು ಬಿಂದುಗಳು ಬೇರೆಯಾಗಿದ್ದರೆ ಒಂದಕ್ಕೊಂದು ತಾಗದಂತೆ ಎರಡರ ಸುತ್ತಲೂ ಬಯಲು ಬಿಡಬಹುದು ಎಂಬುದು ಅದರ ತಿರುಳು. ಫೆಲಿಕ್ಸ್ ಹೌಸ್‌ಡಾರ್ಫ್ ಬಾನ್ ನಗರದಲ್ಲಿ ಪ್ರಾಧ್ಯಾಪಕನಾಗಿದ್ದನು. ೧೯೩೯ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಅಮೆರಿಕದಲ್ಲಿ ಏನಾದರೂ ಒಂದು ಸಂಶೋಧನ ವೇತನ ದೊರಕೀತೇ ಎಂದು ಆಗ ಅಲ್ಲಿದ್ದ ಕೂರಾಂಟನಿಗೆ ಬರೆದನು. ಪ್ರಯತ್ನ ಫಲಿಸಲಿಲ್ಲ. ೧೯೪೨ರ ಜನವರಿಯಲ್ಲಿ, ಹೆಂಡತಿಯೊಡನೆಯೂ ಆಕೆಯ ತಂಗಿಯೊಡನೆಯೂ ಎಂಡೆನಿಷ್ ಎಂಬಲ್ಲಿಯ ಶಿಬಿರಕ್ಕೆ ಹೋಗಬೇಕೆಂದು ಆಜ್ಞೆ ಬಂದಿತು. ಅಲ್ಲಿಂದ ಮುಂದೆ ಎಲ್ಲಿಗೆಂಬುದನ್ನು ಅವರು ಊಹಿಸಬಲ್ಲವರಾಗಿದ್ದರು. ಜನವರಿ ೨೬ರಂದು ಮೂವರೂ ತಾವೇ ಪ್ರಾಣ ಬಿಟ್ಟರು.

ಅದಕ್ಕೆ ಆರು ದಿನ ಮೊದಲು, ಬರ್ಲಿನ್ನಿನ ಹೊರವಲಯದ ವಾನ್‌ಸೀ ಸರೋವರದ ದ೦ಡೆಯ ಬಂಗಲೆಯಲ್ಲಿ ೧೫ ಮಂದಿ ಅಧಿಕಾರಿಗಳು ಕೂಡಿ ಯೂರೋಪಿನ ಯೆಹೂದ್ಯರ ಸಂಖ್ಯೆಯನ್ನು ದೇಶವಾರು ಪಟ್ಟಿಮಾಡಿಕೊಂಡು ಕುಳಿತಿದ್ದರು. ಅದರ ಮೊತ್ತ ಒಂದು ಕೋಟಿ ಹತ್ತು ಲಕ್ಷ. ಅಧಿಕಾರಿಗಳಲ್ಲಿ ಎಂಟು ಮಂದಿ ಡಾಕ್ಟರೇಟ್ ಪಡೆದವರು. ಕೊಲೆ ಆಗಲೇ ಮೊದಲಾಗಿದ್ದಿತು. ಅವರು ಮಾತಾಡಿದುದು ಅದರ ವ್ಯವಸ್ಥೆಯ ಬಗ್ಗೆ.

ವೈದ್ಯರ ಕೈಯಿಂದ

ಆ ವ್ಯವಸ್ಥೆ ಒಂದೇ ದಿನ ಹುಟ್ಟಿದುದಲ್ಲ. ೧೯೩೩ರ ಜುಲೈಯಲ್ಲಿಯೇ, ಆನುವಂಶಿಕ ರೋಗವುಳ್ಳವರೆಂದು ವೈದ್ಯರು ಗುರುತಿಸಿದವರಿಗೆ ಸಂತಾನವಾಗದಂತೆ ಬಲವಂತದಿಂದ ಶಸ್ತ್ರಕ್ರಿಯೆ ಮಾಡುವ ಕಾನೂನಾಯಿತು. ಸುಮಾರು ನಾಲ್ಕು ಲಕ್ಷ ಮಂದಿ ಇದಕ್ಕೆ ಒಳಗಾದರು. ೧೯೪೦-೪೧ರಲ್ಲಿ ಮಾನಸಿಕ ಆಸ್ಪತ್ರೆಗಳ ಸುಮಾರು ೭೦,೦೦೦ ರೋಗಿಗಳನ್ನು ಮುಚ್ಚಿದ ಕೋಣೆಗಳಲ್ಲಿ ಇಂಗಾಲದ ಮಾನಾಕ್ಸೈಡ್ ಅನಿಲದಿಂದ ಕೊಂದರು. ಯಾರು ಸಾಯಬೇಕೆಂದು ನಮೂನೆಯ ಮೇಲೆ ಗುರುತು ಹಾಕಿದವರು ವೈದ್ಯರು. ಈ ಕೆಲಸದಲ್ಲಿ ಪಳಗಿದ ನೌಕರರನ್ನೇ ಅನಂತರ ಪೋಲೆಂಡಿನ ಬೆಲ್‌ಜೆಕ್, ಸೊಬಿಬೊರ್, ಟ್ರೆಬ್ಲಿಂಕ ಎಂಬ ಕೊಲೆಶಿಬಿರಗಳಿಗೆ ಕಳುಹಿಸಿದರು. ಇವು ದುಡಿಸುವ ಸೆರೆಮನೆಗಳಲ್ಲ. ರೈಲಿನಿಂದ ಇಳಿದವರಲ್ಲಿ ಬಹುಪಾಲು ಮಂದಿ ಅದೇ ದಿನ ಸತ್ತರು. ಟ್ರೆಬ್ಲಿಂಕದಲ್ಲಿಯೇ ಸತ್ತವರು ಸುಮಾರು ಒಂಬತ್ತು ಲಕ್ಷ.

ಎಲ್ಲರೂ ಶಿಬಿರಗಳಲ್ಲಿಯೇ ಸತ್ತರೆಂದು ತಿಳಿಯಬಾರದು. ೧೯೪೧ರ ಜೂನಿನಲ್ಲಿ ರಷ್ಯದ ಮೇಲೆ ದಂಡೆತ್ತಿಹೋದ ಸೈನ್ಯದ ಹಿಂದೆಯೇ ಕೊಲೆಪಡೆಗಳು ಹೊರಟುವು. ಕೀವ್ ನಗರದ ಬಾಬಿ ಯಾರ್ ಕೊರಕಲಿನಲ್ಲಿ ಸೆಪ್ಟೆಂಬರ್ ೨೯, ೩೦ ಎರಡೇ ದಿನಗಳಲ್ಲಿ ೩೩,೭೭೧ ಮಂದಿ ಯೆಹೂದ್ಯರನ್ನು ಗುಂಡಿಟ್ಟು ಕೊಂದುದಾಗಿ ಆ ಪಡೆಯವರೇ ವರದಿ ಬರೆದರು. ಕೊನೆಯ ಅಂಕಿಯವರೆಗೆ ಎಣಿಸಿದ್ದಾರೆ. ರೋಮಾ ಎಂಬ ಅಲೆಮಾರಿ ಜನರನ್ನೂ ಇದೇ ಜನಾಂಗಶಾಸ್ತ್ರದ ಹೆಸರಿನಲ್ಲಿ ಲಕ್ಷಗಟ್ಟಲೆ ಕೊಂದರು.

ಔಷ್ವಿಟ್ಸ್ ಶಿಬಿರದಲ್ಲಿ ಬಳಸಿದ ಜೈಕ್ಲಾನ್-ಬಿ ಮೂಲತಃ ಹೇನು, ತಿಗಣೆ, ಧಾನ್ಯದ ಹುಳುಗಳನ್ನು ಕೊಲ್ಲುವ ಹೊಗೆಮದ್ದು. ಅದು ಬೆಳೆದುಬಂದುದು ಬರ್ಲಿನ್ನಿನಲ್ಲಿ ಫ್ರಿಟ್ಸ್ ಹೇಬರ್ ನಡೆಸುತ್ತಿದ್ದ ಸಂಸ್ಥೆಯ ಕೆಲಸಗಳಿಂದ. ಗಾಳಿಯ ನೈಟ್ರೊಜನ್ನಿನಿಂದ ಅಮೋನಿಯ ಮಾಡುವ ವಿಧಾನ ಕಂಡುಹಿಡಿದವನು ಈತನೇ. ನಮ್ಮ ಜೋಳದ ಹೊಲಕ್ಕೆ ಬೀಳುವ ಯೂರಿಯದ ಮೂಲ ಅದೇ ವಿಧಾನ. ಹೇಬರನೂ ಬ್ರೆಸ್ಲಾವಿನವನು, ಯೆಹೂದ್ಯ ಮನೆತನದವನು. ತನ್ನ ಯೆಹೂದ್ಯ ಸಹಾಯಕರನ್ನು ತೆಗೆದುಹಾಕಲು ಒಪ್ಪದೆ ೧೯೩೩ರಲ್ಲಿ ರಾಜೀನಾಮೆಯಿತ್ತು ಮರುವರ್ಷದ ಜನವರಿಯಲ್ಲಿ ಪರನಾಡಿನಲ್ಲಿ ತೀರಿಕೊಂಡನು. ಆತನ ಬಂಧುಗಳಲ್ಲಿ ಕೆಲವರು ಶಿಬಿರಗಳಲ್ಲಿ ಸತ್ತರು. ೧೯೪೫ರ ಜನವರಿ ೨೭ರಂದು ರಷ್ಯದ ಸೈನ್ಯ ಔಷ್ವಿಟ್ಸನ್ನು ಸೇರುವ ವೇಳೆಗೆ ಅಲ್ಲಿ ಸುಮಾರು ೧೧ ಲಕ್ಷ ಜನರ ಕೊಲೆಯಾಗಿದ್ದಿತು; ಅವರಲ್ಲಿ ಸುಮಾರು ೧೦ ಲಕ್ಷ ಯೆಹೂದ್ಯರು. ಅಂದರೆ ನಾವು ಅಳತೆಗೋಲಾಗಿ ಇಟ್ಟುಕೊಂಡ ಜಿಲ್ಲೆಯ ಅರ್ಧಭಾಗ, ಒಂದೇ ಸ್ಥಳದಲ್ಲಿ.

ಗೋಡೆಯೊಳಗಿನ ಪಾಠ

ರಕ್ತಗುಂಪುಗಳ ಹಿರ್ಷ್‌ಫೆಲ್ಡ್ ಏನಾದನು? ಯುದ್ಧ ಬಂದಾಗ ಆತನು ವಾರ್ಸಾದಲ್ಲಿದ್ದನು. ಕ್ರೈಸ್ತಮತಕ್ಕೆ ಸೇರಿದ್ದರೂ ಹುಟ್ಟಿನ ಲೆಕ್ಕದಂತೆ ಯೆಹೂದ್ಯನೆನಿಸಿ, ೧೯೪೧ರಲ್ಲಿ ಹೆಂಡತಿ ಮಗಳೊಡನೆ ಗೆಟ್ಟೊ ಎಂಬ ಗೋಡೆಕಟ್ಟಿದ ಕೇರಿಯೊಳಕ್ಕೆ ತಳ್ಳಲ್ಪಟ್ಟನು. ೨೦೧೧ರಲ್ಲಿ ವಿಜಯಪುರ ನಗರದ ಜನಸಂಖ್ಯೆ ಮೂರೂಕಾಲು ಲಕ್ಷ; ವಾರ್ಸಾದ ಗೆಟ್ಟೊದಲ್ಲಿ ನಾಲ್ಕು ಲಕ್ಷಕ್ಕೂ ಮೀರಿದ ಜನರನ್ನು ಮೂರೂವರೆ ಚದರ ಕಿಲೊಮೀಟರಿಗಿಂತ ಕಿರಿದಾದ ಜಾಗದಲ್ಲಿ ತುಂಬಿದ್ದರು. ಯೆಹೂದ್ಯರು ಟೈಫಸ್ ಹರಡುವವರು, ಆದುದರಿಂದ ಗೋಡೆ ಬೇಕೆಂಬುದು ಅಧಿಕಾರಿಗಳ ನೆಪ. ಟೈಫಸ್ ಹರಡುವುದು ಹೇನಿನಿಂದ. ಹೇನು ಹೆಚ್ಚುವುದು ಇಕ್ಕಟ್ಟಿನಲ್ಲಿ. ಸೋಪಿಲ್ಲದೆ, ಸೌದೆಯಿಲ್ಲದೆ, ದಿನಕ್ಕೆ ೨೦೦ ಕ್ಯಾಲೊರಿಗೂ ಕಡಮೆಯ ಪಡಿತರ ಕೊಟ್ಟು ಜನರನ್ನು ಒಟ್ಟಿದರೆ ಯಾವ ಕುಲದವರಲ್ಲಿಯೂ ಟೈಫಸ್ ಹಬ್ಬುತ್ತದೆ. ಕಾರಣವನ್ನು ಕೈಯಾರೆ ನಿರ್ಮಿಸಿ ಕಾರ್ಯವನ್ನು ರಕ್ತದ ಮೇಲೆ ಹೊರಿಸಿದರು.

ಸರ್ಬಿಯದಲ್ಲಿ ಇದೇ ರೋಗವನ್ನು ಎದುರಿಸಿದ್ದ ಹಿರ್ಷ್‌ಫೆಲ್ಡ್ ಸುಮ್ಮನೆ ಕೂರಲಿಲ್ಲ. ಗೆಟ್ಟೊದ ವೈದ್ಯರು ಗುಟ್ಟಾಗಿ ವೈದ್ಯಶಾಲೆಯನ್ನೇ ನಡೆಸಿದರು. ಆತನು ಅಲ್ಲಿ ಪಾಠ ಹೇಳಿದನು. ಶುಚಿತ್ವದ ಬಗ್ಗೆ ಉಪನ್ಯಾಸಗಳು, ಮನೆಮನೆಯ ತಪಾಸಣೆ, ರೋಗಿಗಳನ್ನು ಬೇರೆಯಿಡುವುದು, ಗಂಜಿಕೇಂದ್ರಗಳು, ಹೀಗೆ ಕೈಲಾದುದೆಲ್ಲವೂ ನಡೆಯಿತು. ಚಳಿಗಾಲದಲ್ಲಿ ಟೈಫಸ್ ಏರುವುದು ವಾಡಿಕೆ. ಆದರೆ ೧೯೪೧ರ ಚಳಿಗಾಲದ ಹೊಸ್ತಿಲಲ್ಲಿ ಗೆಟ್ಟೊದ ರೋಗದ ರೇಖೆ ಕೆಳಕ್ಕೆ ತಿರುಗಿತು. ೨೦೨೦ರಲ್ಲಿ ಕೆಲವು ಗಣಿತಜ್ಞರು ಆ ಅಂಕಿಗಳನ್ನು ಸಮೀಕರಣಗಳಲ್ಲಿ ಇಟ್ಟು ನೋಡಿ, ರೋಗ ತಾನಾಗಿ ಅಡಗಿದುದಲ್ಲ, ಆ ಜನರ ಶ್ರಮವೇ ಅದನ್ನು ತಡೆದಿರಬೇಕೆಂದು ತೀರ್ಮಾನಿಸಿದರು. ಹೀಗೆ ಉಳಿದುಕೊಂಡವರಲ್ಲಿ ಸುಮಾರು ೨ ಲಕ್ಷ ೬೫ ಸಾವಿರ ಜನರನ್ನು ೧೯೪೨ರ ಜುಲೈ ೨೨ರಿಂದ ಎರಡೇ ತಿಂಗಳೊಳಗೆ ರೈಲುಗಳಲ್ಲಿ ಟ್ರೆಬ್ಲಿಂಕಕ್ಕೆ ಸಾಗಿಸಿದರು.

ಹಿರ್ಷ್‌ಫೆಲ್ಡ್ ದಂಪತಿಗಳು ಗೋಡೆಯಿಂದ ಹೊರಬಿದ್ದು ಬೇರೆ ಹೆಸರಿನಲ್ಲಿ ತಲೆಮರೆಸಿಕೊಂಡು ಬದುಕಿದರು. ಒಬ್ಬಳೇ ಮಗಳು ಆ ಅವಿತಿರುವಿಕೆಯ ಕಾಲದಲ್ಲಿಯೇ ೧೯೪೩ರಲ್ಲಿ ತೀರಿಕೊಂಡಳು.

ಅದೇ ಸುಮಾರಿಗೆ ಬರ್ಲಿನ್ನಿನ ಮಾನವಶಾಸ್ತ್ರ ಸಂಸ್ಥೆಯಲ್ಲಿ ಫೆರ್ಷುಅರ್ ಎಂಬ ಪ್ರಾಧ್ಯಾಪಕನು ಜನಾಂಗಗಳ ರಕ್ತದಲ್ಲಿ ವಿಶಿಷ್ಟ ಪ್ರೋಟೀನುಗಳಿವೆಯೇ ಎಂದು ಹುಡುಕುತ್ತಿದ್ದನು. ೧೯೩೫ರ ಕಾನೂನಿಗೆ ಸಿಕ್ಕದಿದ್ದ ಗುರುತು ಆಗಲೂ ಸಿಕ್ಕಿರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಅವನ ಹಳೆಯ ಸಹಾಯಕನಾದ ಮೆಂಗೆಲೆ ಔಷ್ವಿಟ್ಸಿನಲ್ಲಿ ವೈದ್ಯನಾಗಿದ್ದುಕೊಂಡು ಕೈದಿಗಳ ರಕ್ತವನ್ನು ಅವನಿಗೆ ಕಳುಹಿಸುತ್ತಿದ್ದನು. ಹುಡುಕಿದುದು ಕಡೆಗೂ ಸಿಕ್ಕಲಿಲ್ಲ. ಯುದ್ಧ ಮುಗಿದ ಮೇಲೆ ಫೆರ್ಷುಅರನಿಗೆ ೬೦೦ ಮಾರ್ಕ್ ದಂಡವಾಯಿತು; ೧೯೫೧ರಲ್ಲಿ ಮ್ಯೂನ್‌ಸ್ಟರ್ ವಿಶ್ವವಿದ್ಯಾನಿಲಯ ಅವನಿಗೆ ಮಾನವ ತಳಿವಿಜ್ಞಾನದ ಪೀಠ ಕೊಟ್ಟಿತು.

ಬಾರ್ನನೂ ಹೇಬರನೂ ಹುಟ್ಟಿದ ಬ್ರೆಸ್ಲಾವ್ ೧೯೪೫ರಲ್ಲಿ ಪೋಲೆಂಡಿಗೆ ಸೇರಿ ವ್ರೊಟ್ಸ್‌ವಾಫ್ ಎಂಬ ಹೆಸರು ಪಡೆಯಿತು. ಪಾಳುಬಿದ್ದ ಆ ಊರಿಗೆ ಹಿರ್ಷ್‌ಫೆಲ್ಡ್ ದಂಪತಿಗಳು ಬಂದು ನೆಲೆಸಿದರು. ಆತನು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದನು; ಹನ್ನಾ ಮಕ್ಕಳ ವೈದ್ಯವಿಭಾಗವನ್ನು ನಡೆಸಿದಳು. ತಾಯಿಯ ರಕ್ತಕ್ಕೂ ಗರ್ಭದ ಶಿಶುವಿನ ರಕ್ತಕ್ಕೂ ಹೊಂದಿಕೆಯಾಗದೆ ಹುಟ್ಟಿದೊಡನೆ ಕಾಮಾಲೆಯಿಂದ ಸಾಯುವ ಕೂಸುಗಳನ್ನು ಉಳಿಸುವುದು ಹೇಗೆಂಬುದು, ೧೯೫೪ರಲ್ಲಿ ತೀರಿಕೊಳ್ಳುವವರೆಗೆ, ಹಿರ್ಷ್‌ಫೆಲ್ಡನ ಕೊನೆಯ ವರ್ಷಗಳ ಸಂಶೋಧನೆಯಾಗಿದ್ದಿತು. ಅಂಥ ಕೂಸಿನ ಕೆಟ್ಟ ರಕ್ತವನ್ನು ಸ್ವಲ್ಪಸ್ವಲ್ಪವಾಗಿ ಹೊರತೆಗೆಯುತ್ತ, ಗುಂಪು ಹೊಂದುವ ಯಾರದಾದರೂ ರಕ್ತವನ್ನು ಅಷ್ಟಷ್ಟೇ ಒಳಗೆ ಬಿಡುವುದು ಅದರ ಚಿಕಿತ್ಸೆ.